ವಿದ್ಯುಚ್ಛಕ್ತಿಯ ಹೊಸ್ತಿಲು: ಜೋಡುಲೋಹಗಳ ಇತಿಹಾಸ

ಪೀಠಿಕೆ

ಬಾಗಲಕೋಟೆಯಿಂದ ಗದ್ದನಕೇರಿಯನ್ನು ಹಾಯ್ದು ಕಲಾದಗಿಯ ಕಡೆಗೆ ಹೋಗುವ ದಾರಿಯ ಮೇಲಿರುವ ತುಳಸಿಗೇರಿಯು ಹನುಮಪ್ಪನ ಗುಡಿಯ ಮೂಲಕ ಸುತ್ತಣ ಸೀಮೆಯಲ್ಲೆಲ್ಲ ಹೆಸರಾದ ಗ್ರಾಮವು. ೧೮೮೫ರ ವರೆಗೆ ಜಿಲ್ಲೆಯ ಮುಖ್ಯಸ್ಥಳವು ಕಲಾದಗಿಯಾಗಿದ್ದಿತು. ಆ ಕಾಲದಲ್ಲಿ ಈ ಪ್ರಾಂತದ ಒಕ್ಕಲಿಗನು ಬಾವಿಯ ನೀರನ್ನು ಎತ್ತು ಹೂಡಿ ಕಪಲಿಯಿಂದಲೇ ಮೇಲಕ್ಕೆ ತರಬೇಕಾಗಿದ್ದಿತು. ಇಂದು ಅದೇ ನೆಲದಲ್ಲಿ ಕಬ್ಬು, ಗೋವಿನಜೋಳ, ದಾಳಿಂಬೆಗಳಿಗೆ ನೀರುಣಿಸುವುದು ಕೊಳವೆಬಾವಿಯ ಪಂಪು. ಹೊಲದ ಮೂಲೆಯ ಚಿಕ್ಕ ಕೋಣೆಯಲ್ಲಿ ಗೋಡೆಗೆ ತಗುಲಿಸಿದ ತಗಡಿನ ಪೆಟ್ಟಿಗೆಯೊಂದುಂಟು. ಒಕ್ಕಲಿಗನು ಅದರ ಹಸಿರು ಗುಂಡಿಯನ್ನೊತ್ತಿದೊಡನೆ ಒಳಗೆ 'ಠಕ್' ಎಂದು ಸದ್ದಾಗಿ, ನೆಲದಾಳದಲ್ಲಿ ಯಂತ್ರವು ತಿರುಗತೊಡಗುವುದು. ಆ ಪೆಟ್ಟಿಗೆಯೇ ಸ್ಟಾರ್ಟರು.

ಸದ್ದು ಮಾಡಿದವು ಯಾವುವು? ಉಗುರಿನಷ್ಟು ಅಗಲದ, ಬೆಳ್ಳಿಯ ಬಣ್ಣದ ಕೆಲವು ಜೊತೆ ಲೋಹದ ತುಣುಕುಗಳು. ಊರ ಮಿಸ್ತ್ರಿಗಳು ಇವನ್ನು 'ಪಾಯಿಂಟು' ಎಂದು ಕರೆಯುವರು. ಎಷ್ಟೋ ಹರದಾರಿಗಳ ಆಚೆ ಜಲಪಾತದಲ್ಲಿಯೋ ಕಲ್ಲಿದ್ದಲಿನ ಉರಿಯಲ್ಲಿಯೋ ಹುಟ್ಟಿದ ಶಕ್ತಿಯು ಕಟ್ಟಕಡೆಗೆ ಈ ತುಣುಕುಗಳ ಹೊಸ್ತಿಲನ್ನು ದಾಟಿಯೇ ಹೊಲಕ್ಕೆ ಇಳಿಯಬೇಕು. ಅಣೆಕಟ್ಟುಗಳನ್ನೂ ಯಂತ್ರಗಳನ್ನೂ ಕುರಿತು ಬರೆದವರು ಬಹುಮಂದಿ ಇದ್ದಾರೆ. ಈ ಹೊಸ್ತಿಲನ್ನು ಕುರಿತು ಬರೆದವರು ಕಡಿಮೆ. ಆದರೆ ಹೊಸ್ತಿಲು ಕೆಟ್ಟರೆ ಮನೆಯೊಳಗಿನ ಸಂಪತ್ತೆಲ್ಲವೂ ವ್ಯರ್ಥವೇ. ಪಾಯಿಂಟು ಸುಟ್ಟು ಪಂಪು ನಿಂತ ನಾಲ್ಕು ದಿನಗಳಲ್ಲಿ ಬೇಸಿಗೆಯ ಪೈರು ಒಣಗುವುದನ್ನು ಈ ಸೀಮೆಯವರು ಚೆನ್ನಾಗಿ ಬಲ್ಲರು. ಆದುದರಿಂದ ಈ ಅಲ್ಪವಸ್ತುವಿನ ಹಿಂದೆ ಅಡಗಿರುವ ನೂರು ವರ್ಷಗಳಿಗೂ ಮಿಕ್ಕ ಇತಿಹಾಸವು ಸುಶಿಕ್ಷಿತ ವಾಚಕರ ಲಕ್ಷ್ಯಕ್ಕೆ ಬರತಕ್ಕುದಾಗಿದೆ.

ಕೂಡುವಿಕೆ ಮತ್ತು ಅಗಲಿಕೆ

ಎರಡು ಲೋಹದ ಮುಖಗಳನ್ನು ಎಷ್ಟೇ ನುಣುಪಾಗಿ ತಿಕ್ಕಿ ಒಂದಕ್ಕೊಂದು ಒತ್ತಿದರೂ ಅವು ಇಡೀ ಅಗಲದಲ್ಲಿ ತಾಗುವುದಿಲ್ಲ. ಸೂಕ್ಷ್ಮವಾಗಿ ನೋಡಿದರೆ ಪ್ರತಿಯೊಂದು ಮುಖವೂ ಗುಡ್ಡ ಕಣಿವೆಗಳಿಂದ ಕೂಡಿದ ನೆಲದಂತಿರುವುದು. ಗುಡ್ಡದ ತುದಿಗಳು ತಾಗಿದ ಕೆಲವೇ ಬಿಂದುಗಳ ಮೂಲಕ ಪ್ರವಾಹವೆಲ್ಲವೂ ಇಕ್ಕಟ್ಟಿನಿಂದ ನುಸುಳಿ ಹೋಗಬೇಕು. ಈ ತತ್ತ್ವವನ್ನು ಗಣಿತಕ್ಕೆ ಅಳವಡಿಸಿ ಶಾಸ್ತ್ರವಾಗಿ ಕಟ್ಟಿದವನು ಸ್ವೀಡನ್ ದೇಶದ ರಾಗ್ನರ್ ಹೋಲ್ಮ್ ಎಂಬ ವಿದ್ವಾಂಸನು. ಅವನು ಬರ್ಲಿನ್ನಿನಲ್ಲಿ ಸೀಮೆನ್ಸ್ ಸಂಸ್ಥೆಯಲ್ಲಿ ದುಡಿದು, ೧೯೪೧ರಲ್ಲಿ ಜರ್ಮನ್ ಭಾಷೆಯಲ್ಲಿ ಈ ವಿಷಯವಾಗಿ ಗ್ರಂಥವನ್ನು ಪ್ರಕಟಿಸಿದನು.

ಕೂಡಿರುವಾಗಿನ ಕಷ್ಟವು ಇಕ್ಕಟ್ಟಿನದಾದರೆ, ಅಗಲುವಾಗಿನ ಕಷ್ಟವು ಬೆಂಕಿಯದು. ಹರಿಯುತ್ತಿರುವ ಪ್ರವಾಹವು ಒಮ್ಮೆಗೇ ನಿಲ್ಲಲು ಒಪ್ಪುವುದಿಲ್ಲ. ಮುಖಗಳು ಬೇರ್ಪಡುತ್ತಲೇ ಕೊನೆಯ ಬಿಂದುವು ಕರಗಿ, ಕುದಿದು, ಆವಿಯಾಗಿ, ಆ ಆವಿಯ ಸೇತುವೆಯ ಮೇಲೆ ಪ್ರವಾಹವು ಉಜ್ವಲವಾದ ಜ್ವಾಲೆಯಾಗಿ ಹಾಯುವುದು. ಇದೇ ವಿದ್ಯುಚ್ಚಾಪವು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿಯು ಇದನ್ನು ಇದ್ದಿಲಿನ ಕಡ್ಡಿಗಳ ನಡುವೆ ತೋರಿಸಿ ಜನರನ್ನು ಬೆರಗುಗೊಳಿಸಿದ್ದನು. ದೀಪವಾಗಿ ಅದು ಉಪಕಾರಿ, ಸ್ವಿಚ್ಚಿನಲ್ಲಿ ಶತ್ರು. ಅದರ ಒಡಲಿನ ಉಷ್ಣತೆಯು ಸಾವಿರಾರು ಅಂಶಗಳಷ್ಟಿರುವುದು. ತಾಮ್ರವಾದರೋ ೧೦೮೫ ಅಂಶ ಸೆಂಟಿಗ್ರೇಡಿಗೇ ಕರಗುವುದು. ಬೆಳ್ಳಿಯು ೯೬೨ಕ್ಕೇ ನೀರಾಗುವುದು.

ಹೀಗೆ, ಈ ಕೆಲಸಕ್ಕೆ ನಿಯುಕ್ತವಾದ ಲೋಹದಲ್ಲಿ ನಾಲ್ಕು ಗುಣಗಳು ಒಟ್ಟಿಗೆ ಇರಬೇಕಾಗುವುದು. ಅದು ಪ್ರವಾಹವನ್ನು ಧಾರಾಳವಾಗಿ ಬಿಡಬೇಕು. ಚಾಪದ ಉರಿಗೆ ಸವೆಯಬಾರದು. ಕರಗಿದ ಮುಖಗಳು ಕೂಡಿದಾಗ ಒಂದಕ್ಕೊಂದು ಬೆಸೆದುಕೊಳ್ಳಬಾರದು. ಗಾಳಿಯ ಸಹವಾಸದಿಂದ ಅದರ ಮೇಲೆ ಪ್ರವಾಹವನ್ನು ತಡೆಯುವ ಕಿಲುಬು ಕಟ್ಟಬಾರದು. ಸೃಷ್ಟಿಯಲ್ಲಿ ಈ ನಾಲ್ಕೂ ಗುಣಗಳುಳ್ಳ ಲೋಹವು ಒಂದೂ ಇಲ್ಲ. ಉತ್ತಮ ವಾಹಕಗಳಾದ ಬೆಳ್ಳಿ ತಾಮ್ರಗಳು ಮೆತ್ತಗಿನವು, ಬೇಗ ಕರಗುವಂಥವು. ಉರಿಗೆ ಜಗ್ಗದ ಟಂಗ್‌ಸ್ಟನ್ನು ಪ್ರವಾಹವನ್ನು ತಾಮ್ರದ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆಯಾಗಿ ಬಿಡುವುದು. ಈ ವಿರೋಧವನ್ನು ಪರಿಹರಿಸಿದ ಬಗೆಯೇ ಪ್ರಸ್ತುತ ಇತಿಹಾಸದ ತಿರುಳು.

ತಾಮ್ರದ ಯುಗ

ಬಾಗಲಕೋಟೆಯ ಬಳಿ ಹರಿಯುವ ಘಟಪ್ರಭೆಯು ಮೇಲ್ಗಡೆ ಗೋಕಾವಿಯಲ್ಲಿ ಧುಮುಕುವ ಬಲವು ೧೮೮೭ರಿಂದ ಅಲ್ಲಿಯ ನೂಲಿನ ಗಿರಣಿಗೆ ಒದಗಿತು. ಆದರೆ ಆ ಗಿರಣಿಯು ಜಲಪಾತದ ಮಗ್ಗುಲಲ್ಲೇ ಇದ್ದಿತು. ನೀರಿನ ಬಲವನ್ನು ತಂತಿಯ ಮೇಲೇರಿಸಿ ಬಹುದೂರಕ್ಕೆ ಕಳುಹುವ ಸಾಹಸವು ಮೈಸೂರು ಸಂಸ್ಥಾನದಲ್ಲಿ ನಡೆಯಿತು. ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ ಕೈಗೊಂಡು, ಎ. ಜೋಲಿ ಡಿ ಲಾಟ್‌ಬಿನಿಯರ್ ಎಂಬ ಇಂಜಿನಿಯರರ ಮುಂದಾಳುತನದಲ್ಲಿ ಕಟ್ಟಿದ ಶಿವನಸಮುದ್ರದ ವಿದ್ಯುದಾಗಾರವು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿಯನ್ನು ಒದಗಿಸತೊಡಗಿತು. ದೂರವು ೯೨ ಮೈಲು. ಒತ್ತಡವು ೩೫,೦೦೦ ವೋಲ್ಟು. ಆ ಕಾಲಕ್ಕೆ ಜಗತ್ತಿನಲ್ಲಿಯೇ ಅತ್ಯಂತ ದೂರದ ವಿದ್ಯುದ್ವಾಹಿನಿಗಳಲ್ಲಿ ಇದು ಎಣಿಕೆಯಾಗಿದ್ದಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು.

ಶಕ್ತಿಯನ್ನು ಹುಟ್ಟಿಸುವ ಮತ್ತು ಒಯ್ಯುವ ವಿದ್ಯೆಯು ಇಷ್ಟು ಮುಂದುವರಿದಿದ್ದರೂ ಅದನ್ನು ತಡೆದು ನಿಲ್ಲಿಸುವ ವಿದ್ಯೆಯು ಇನ್ನೂ ಶೈಶವದಲ್ಲಿದ್ದಿತು. ೧೯೦೧ರಲ್ಲಿ ಅಮೆರಿಕದ ಜೆ. ಎನ್. ಕೆಲ್ಮನ್ ಎಂಬವನು ಎರಡು ಮರದ ಪೀಪಾಯಿಗಳಲ್ಲಿ ನೀರನ್ನೂ ಎಣ್ಣೆಯನ್ನೂ ತುಂಬಿ, ಅವುಗಳೊಳಗೆ ಲೋಹದ ಮುಖಗಳು ಬೇರ್ಪಡುವಂತೆ ರಚಿಸಿದ ಯಂತ್ರವೇ ಎಣ್ಣೆಯ ಬ್ರೇಕರುಗಳ ಮೂಲಪುರುಷನು. ೪೦,೦೦೦ ವೋಲ್ಟಿನ ವಾಹಿನಿಯಲ್ಲಿ ಅದು ೧೯೦೨ರ ಏಪ್ರಿಲಿನಿಂದ ಮರುವರ್ಷದ ಮಾರ್ಚಿನ ವರೆಗೆ ಕೆಲಸ ಮಾಡಿ, ಸ್ವಲ್ಪ ಹೊತ್ತಿನಲ್ಲಿ ಮೇಲಿಂದಮೇಲೆ ತೆರೆದು ಮುಚ್ಚಿದ ಕಾರಣ ಎಣ್ಣೆಯು ಹೊತ್ತಿಕೊಂಡು ನಾಶವಾಯಿತು. ಶಿವನಸಮುದ್ರದ ಶಕ್ತಿಯು ಕೋಲಾರವನ್ನು ಮುಟ್ಟಿದ ವರ್ಷದಲ್ಲಿಯೇ ಜಗತ್ತಿನ ಸ್ವಿಚ್ಚುಗಳ ಸ್ಥಿತಿಯು ಹೀಗಿದ್ದಿತು!

ಆ ಯುಗದ ಮುಖಗಳೆಲ್ಲವೂ ಬಹುಮಟ್ಟಿಗೆ ತಾಮ್ರದವೇ. ತಾಮ್ರವು ಅಗ್ಗ, ವಾಹಕತೆಯಲ್ಲಿ ಬೆಳ್ಳಿಗೆ ಎರಡನೆಯದು. ಆದರೆ ಗಾಳಿಯಲ್ಲಿ ಬಿಸಿಯಾದಷ್ಟೂ ಅದರ ಮೇಲೆ ಕಪ್ಪು ಕಿಲುಬು ಕಟ್ಟುವುದು. ಆ ಕಿಲುಬು ಪ್ರವಾಹವನ್ನು ತಡೆಯುವುದು. ತಡೆದಂತೆ ಬಿಸಿ ಹೆಚ್ಚುವುದು. ಬಿಸಿ ಹೆಚ್ಚಿದಂತೆ ಕಿಲುಬು ಇನ್ನಷ್ಟಾಗುವುದು. ಈ ವಿಷಚಕ್ರವನ್ನು ಮುರಿಯಲು ಹಳೆಯ ಸ್ವಿಚ್ಚುಗಳಲ್ಲಿ ಕತ್ತಿಯು ಒರೆಯನ್ನು ಉಜ್ಜಿಕೊಂಡು ಹೋಗುವಂತೆ ತಾಮ್ರದ ಅಲಗು ತಾಮ್ರದ ದವಡೆಗಳನ್ನು ಉಜ್ಜಿಕೊಂಡೇ ಕೂಡಬೇಕೆಂದು ಏರ್ಪಡಿಸಿದ್ದರು. ಬೆಳ್ಳಿಯ ಕಿಲುಬಾದರೋ ಬಿಸಿಗೆ ತಾನಾಗಿಯೇ ಕಳಚುವುದು. ಅದಕ್ಕಾಗಿ ಬೆಳ್ಳಿಯ ಮುಖಗಳು ಕಾಲಕ್ರಮದಲ್ಲಿ ಬಳಕೆಗೆ ಬಂದವು. ಆದರೆ ಭಾರವಾದ ಪ್ರವಾಹವನ್ನು ಕೂಡಿಸುವಾಗ ಶುದ್ಧ ಬೆಳ್ಳಿಯ ಮುಖಗಳು ಬೆಸೆದುಕೊಂಡು ಬಿಡಿಸಲು ಬಾರದಂತಾಗುತ್ತಿದ್ದವು.

ಮಿಶ್ರಲೋಹವಲ್ಲ, ಜೋಡುಲೋಹ

ಎರಡು ಲೋಹಗಳ ಗುಣಗಳು ಬೇಕಾದಲ್ಲಿ ಎರಡನ್ನೂ ಕರಗಿಸಿ ಬೆರೆಸಿದರಾಯಿತಲ್ಲವೇ ಎಂದು ಯಾರಾದರೂ ಕೇಳಬಹುದು. ಕಂಚುಗಾರರು ಅನಾದಿಯಿಂದಲೂ ಮಾಡುತ್ತ ಬಂದುದು ಅದನ್ನೇ. ಗುಡಿಯ ಗಂಟೆಯ ಕಂಚು ತಾಮ್ರ ತವರಗಳ ಮಿಶ್ರಣ. ತಾಮ್ರಕ್ಕಿಲ್ಲದ ಗಡಸುತನವೂ ನಾದವೂ ಅದಕ್ಕುಂಟು. ಆದರೆ ತವರದ ಕಣಗಳು ತಾಮ್ರದ ಅಣುರಚನೆಯ ಒಳಹೊಕ್ಕು ಅದರ ಕ್ರಮವನ್ನು ಕೆಡಿಸುವುದರಿಂದ ಪ್ರವಾಹಕ್ಕೆ ಹೆಜ್ಜೆಹೆಜ್ಜೆಗೂ ತಡೆಯುಂಟಾಗಿ, ಗಂಟೆಯ ಕಂಚು ತಾಮ್ರದ ವಾಹಕತೆಯ ಬಹುಭಾಗವನ್ನು ಕಳೆದುಕೊಳ್ಳುವುದು. ಬೆರೆತರೆ ಹೊಸ ಗುಣ ಬರುವುದು ನಿಜ. ಆದರೆ ಹಳೆಯ ಗುಣವು ಹೋಗುವುದೂ ಅಷ್ಟೇ ನಿಜ.

ಬೇಕಾದುದು ಬೇರೆ ಬಗೆಯ ಕೂಟ. ಅದರ ದೃಷ್ಟಾಂತವು ಇಳಕಲ್ಲಿನ ಮಗ್ಗದಲ್ಲಿಯೇ ಸಿಕ್ಕುವುದು. ಇಳಕಲ್ಲ ಸೀರೆಯ ಒಡಲಿನ ಹಾಸು ಹತ್ತಿಯದಾಗಿರಬಹುದು. ಸೆರಗಿನ ಹಾಸು ರೇಶಿಮೆಯದು. ನೇಕಾರನು ಎರಡನ್ನೂ ಒಂದೇ ನೂಲಾಗಿ ಹೊಸೆಯುವುದಿಲ್ಲ. ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುವನು. ಹತ್ತಿಯು ಹತ್ತಿಯಾಗಿಯೇ, ರೇಶಿಮೆಯು ರೇಶಿಮೆಯಾಗಿಯೇ ಉಳಿದು, ಸೀರೆಯು ಮಾತ್ರ ಒಂದಾಗುವುದು. ವಿದ್ಯುತ್ತಿನ ಮುಖಗಳಿಗೆ ಬೇಕಾದುದೂ ಇಂಥ ಕೊಂಡಿಯೇ. ಎರಡು ಲೋಹಗಳು ಕಣಕಣವಾಗಿ ಹೆಣೆದುಕೊಂಡಿರಬೇಕು, ಆದರೆ ಒಂದರಲ್ಲೊಂದು ಕರಗಿ ಹೋಗಬಾರದು. ಇಂಥ ವಸ್ತುವಿಗೆ ಈ ಲೇಖನದಲ್ಲಿ 'ಜೋಡುಲೋಹ'ವೆಂಬ ಹೆಸರನ್ನು ಬಳಸಿದೆ.

ಟಂಗ್‌ಸ್ಟನ್ನಿನ ಹಂದರ

೧೭೮೩ರಲ್ಲಿ ಸ್ಪೇನಿನ ಎಲ್‌ಹುಯಾರ್ ಸಹೋದರರು ಬೇರ್ಪಡಿಸಿದ ಟಂಗ್‌ಸ್ಟನ್ನು ಕರಗುವುದು ೩೪೨೨ ಅಂಶಕ್ಕೆ. ಲೋಹಗಳಲ್ಲಿ ಇದಕ್ಕಿಂತ ಹೆಚ್ಚಿನ ಕರಗುಬಿಂದುವುಳ್ಳದ್ದು ಬೇರೊಂದಿಲ್ಲ. ಇದನ್ನು ತಾಳುವ ಮೂಸೆಯೇ ಇಲ್ಲವಾದುದರಿಂದ ಎರಕ ಹೊಯ್ಯುವುದು ದುಸ್ತರ. ಇಪ್ಪತ್ತನೆಯ ಶತಮಾನದ ಮೊದಲ ದಶಕದ ಕೊನೆಗೆ ಅಮೆರಿಕದ ವಿಲಿಯಂ ಕೂಲಿಜನು ಟಂಗ್‌ಸ್ಟನ್ನಿನ ಪುಡಿಯನ್ನು ಒತ್ತಿ, ಕರಗಿಸದೆಯೇ ಕಾಯಿಸಿ ಬೆಸೆದು, ಬಡಿದು, ದೀಪದೊಳಗಿನ ತಂತಿಯಾಗಿ ಎಳೆಯುವ ಮಾರ್ಗವನ್ನು ಕಂಡುಹಿಡಿದನು. ದೀಪಕ್ಕಾಗಿ ಹುಟ್ಟಿದ ಈ ಚೂರ್ಣಲೋಹವಿದ್ಯೆಯೇ ಮುಂದೆ ಸ್ವಿಚ್ಚಿನ ಸಮಸ್ಯೆಗೂ ಬಾಗಿಲು ತೆರೆಯಿತು.

ವಿಧಾನವು ಸರಳವಾಗಿ ಇಂತಿರುವುದು: ಟಂಗ್‌ಸ್ಟನ್ನಿನ ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಕಾಯಿಸಿದರೆ ಕಣಗಳು ತುದಿತುದಿಗೆ ಬೆಸೆದು, ನಡುನಡುವೆ ರಂಧ್ರಗಳುಳ್ಳ ಹಂದರವಾಗುವುದು. ಆ ಹಂದರಕ್ಕೆ ಕರಗಿದ ತಾಮ್ರವನ್ನೋ ಬೆಳ್ಳಿಯನ್ನೋ ತಾಗಿಸಿದರೆ, ಹಣತೆಯ ಬತ್ತಿಯು ಎಣ್ಣೆಯನ್ನು ಹೀರುವಂತೆ ಅದು ದ್ರವವನ್ನು ಒಳಕ್ಕೆ ಎಳೆದುಕೊಳ್ಳುವುದು. ಟಂಗ್‌ಸ್ಟನ್ನಿಗೂ ತಾಮ್ರಕ್ಕೂ ಪರಸ್ಪರ ಕರಗುವ ಸ್ವಭಾವವೇ ಇಲ್ಲ. ಕಂಚುಗಾರನಿಗೆ ನಿರುಪಯೋಗವೆಂದು ತೋರುವ ಈ ವೈಮನಸ್ಯವೇ ಇಲ್ಲಿ ವರವಾಯಿತು. ತಣ್ಣಗಾದ ಮೇಲೆ ಉರಿಯನ್ನು ತಾಳುವ ಅಸ್ಥಿಪಂಜರದೊಳಗೆ ಪ್ರವಾಹವನ್ನೊಯ್ಯುವ ತಾಮ್ರದ ನಾಡಿಗಳು ಹಬ್ಬಿದ ವಸ್ತುವು ಸಿದ್ಧವಾಗುವುದು. ೧೯೩೦ರ ದಶಕದಲ್ಲಿ ಇಂಥ ವಸ್ತುಗಳು ಪಶ್ಚಿಮದೇಶಗಳ ವಿದ್ಯುದ್ಯಂತ್ರಗಳಲ್ಲಿ ಬಳಕೆಗೆ ಬಂದವು.

ಚಾಪದ ಉರಿಯಲ್ಲಿ ಈ ವಸ್ತುವು ನಡೆದುಕೊಳ್ಳುವ ರೀತಿಯು ಸ್ವಾರಸ್ಯವಾದುದು. ತಾಮ್ರವು ಸುಮಾರು ೨೫೬೦ ಅಂಶಕ್ಕೆ ಕುದಿಯುವುದು. ಅಂದರೆ ಟಂಗ್‌ಸ್ಟನ್ನಿನ ಹಂದರವು ಕರಗುವುದಕ್ಕೆ ಬಹಳ ಮೊದಲೇ ಅದರೊಳಗಿನ ತಾಮ್ರವು ಆವಿಯಾಗಿ ಹೊರಟು, ತನ್ನೊಡನೆ ಉಷ್ಣವನ್ನು ಒಯ್ಯುವುದು. ಬೇಸಿಗೆಯಲ್ಲಿ ಮಣ್ಣಿನ ಹರವಿಯು ಹೊರಮೈಯಿಂದ ಜಿನುಗುವ ನೀರು ಆವಿಯಾಗುವುದರಿಂದಲೇ ಒಳಗಿನ ನೀರನ್ನು ತಣ್ಣಗಿಡುವುದಷ್ಟೆ. ಲೋಹದ ಈ ಹರವಿಯೂ ಹೀಗೆಯೇ ಬೆವರಿ ತನ್ನ ಮೈಯನ್ನು ಕಾಪಾಡಿಕೊಳ್ಳುವುದು. ಇಂದಿಗೂ ದೊಡ್ಡ ಉಪಕೇಂದ್ರಗಳ ಅನಿಲದ ಬ್ರೇಕರುಗಳಲ್ಲಿ ಎರಡು ಜೊತೆ ಮುಖಗಳಿರುವುವು. ನಿತ್ಯದ ಪ್ರವಾಹವು ಬೆಳ್ಳಿಯ ಲೇಪವುಳ್ಳ ತಾಮ್ರದ ಮುಖಗಳಲ್ಲಿ ಹರಿಯುವುದು. ಬಿಡಿಸುವಾಗ ಅವು ಮೊದಲು ಬೇರ್ಪಟ್ಟು, ಉರಿಯನ್ನುಣ್ಣುವ ಭಾರವನ್ನು ಟಂಗ್‌ಸ್ಟನ್-ತಾಮ್ರದ ಮುಖಗಳು ಕೊನೆಯಲ್ಲಿ ಹೊರುವುವು.

ಬೆಳ್ಳಿ ಮತ್ತು ಅದರ ಸಂಗಾತಿಗಳು

ಹೊಲದ ಸ್ಟಾರ್ಟರಿನಂಥ ಸಾಧನಗಳ ಕಷ್ಟವು ಬೇರೆ. ಅವು ಗುಡುಗಿನಂಥ ಪ್ರವಾಹವನ್ನು ಅಪರೂಪಕ್ಕೆ ತಡೆಯುವುದಕ್ಕಲ್ಲ, ಸಾಧಾರಣ ಪ್ರವಾಹವನ್ನು ಸಾವಿರಾರು ಸಲ ಕೂಡಿಸಿ ಅಗಲಿಸುವುದಕ್ಕಾಗಿ ಇರುವುವು. ಇಲ್ಲಿ ಬೆಳ್ಳಿಯೇ ಪ್ರಧಾನವಸ್ತು. ಅದರ ಮೆತ್ತನೆಯ ಸ್ವಭಾವವನ್ನು ತಿದ್ದಲು ಹಲವು ಸಂಗಾತಿಗಳನ್ನು ಹುಡುಕಲಾಯಿತು. ಬೆಳ್ಳಿಯಲ್ಲಿ ಕರಗದ ನಿಕ್ಕಲ್ಲಿನ ಕಣಗಳನ್ನು ಕೂಡಿಸಿದರೆ ಸವೆತವು ಕಡಿಮೆಯಾಯಿತು. ನೂರಕ್ಕೆ ಮೂರರಿಂದ ಐದು ಪಾಲು ಗ್ರಾಫೈಟನ್ನು ಕೂಡಿಸಿದರೆ ಮುಖಗಳು ಬೆಸೆದುಕೊಳ್ಳುವ ಭಯವು ತಪ್ಪಿತು, ಆದರೆ ಸವೆತವು ಹೆಚ್ಚಿತು. ಒಂದು ಗುಣವನ್ನು ಕೊಂಡರೆ ಮತ್ತೊಂದನ್ನು ತೆರಬೇಕೆಂಬ ನಿಯಮವು ಎಲ್ಲೆಡೆಯಲ್ಲಿಯೂ ಕಾಣುವುದು.

ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ ಬಳಕೆಗೆ ಬಂದ ಬೆಳ್ಳಿ-ಕ್ಯಾಡ್ಮಿಯಂ ಆಕ್ಸೈಡು ಈ ವರ್ಗದಲ್ಲಿ ಬಹುಕಾಲ ಅಗ್ರಪೂಜೆಯನ್ನು ಪಡೆಯಿತು. ಬೆಳ್ಳಿಯನ್ನೂ ಕ್ಯಾಡ್ಮಿಯಮ್ಮನ್ನೂ ಮೊದಲು ಕೂಡಿಸಿ ಕರಗಿಸಿ, ಆ ಮಿಶ್ರಣವನ್ನು ಆಮ್ಲಜನಕದಲ್ಲಿ ಕಾಯಿಸಿದರೆ ಆಮ್ಲಜನಕವು ಬೆಳ್ಳಿಯ ಒಡಲನ್ನು ಹೊಕ್ಕು ಕ್ಯಾಡ್ಮಿಯಮ್ಮನ್ನು ಮಾತ್ರ ಹಿಡಿದು ಅದನ್ನು ನುಣ್ಣನೆಯ ಭಸ್ಮದ ಕಣಗಳಾಗಿ ಮಾರ್ಪಡಿಸುವುದು. ನೂರಕ್ಕೆ ಹತ್ತರಿಂದ ಹದಿನೈದು ಪಾಲಿನ ಈ ಭಸ್ಮವು ಚಾಪದ ಉರಿಯಲ್ಲಿ ಒಡೆದು ಆವಿಯಾಗುವಾಗ ಉಷ್ಣವನ್ನು ಕುಡಿದು ಮುಖವನ್ನು ತಂಪಾಗಿಸುವುದು. ಉಳಿದ ಕಣಗಳು ಬೆಳ್ಳಿಯು ಬೆಳ್ಳಿಗೆ ಬೆಸೆಯದಂತೆ ನಡುವೆ ನಿಲ್ಲುವುವು.

ಆದರೆ ಕ್ಯಾಡ್ಮಿಯಂ ವಿಷವು. ಜಪಾನಿನ ಜಿಂಜೂ ನದಿಯ ದಂಡೆಯ ಹಳ್ಳಿಗಳಲ್ಲಿ ಗಣಿಯಿಂದ ಹರಿದ ಕ್ಯಾಡ್ಮಿಯಂ ಭತ್ತದ ಗದ್ದೆಗಳನ್ನು ಸೇರಿ, ಜನರ ಎಲುಬುಗಳು ಮುರಿದು ನರಳುವ 'ಇತಾಯಿ-ಇತಾಯಿ' ಎಂಬ ರೋಗವುಂಟಾದುದನ್ನು ಆ ದೇಶದ ಸರಕಾರವು ೧೯೬೮ರಲ್ಲಿ ಒಪ್ಪಿಕೊಂಡಿತು. ಆ ಹೆಸರಿನ ಅರ್ಥವೇ 'ಅಯ್ಯೋ ನೋವು' ಎಂಬುದಾಗಿದೆ. ತರುವಾಯದ ದಶಕಗಳಲ್ಲಿ ಬೆಳ್ಳಿಯ ಸಂಗಾತಿಯಾಗಿ ತವರದ ಆಕ್ಸೈಡನ್ನು ತರುವ ಪ್ರಯತ್ನಗಳು ಬೆಳೆದು, ಅನೇಕ ಸ್ಟಾರ್ಟರುಗಳಲ್ಲಿ ಅದೇ ನೆಲೆಗೊಂಡಿತು. ವಿದ್ಯುತ್ತಿನ ಗುಣವೊಂದನ್ನೇ ನೋಡಿ ವಸ್ತುವನ್ನು ಆರಿಸುವ ಕಾಲವು ಹೀಗೆ ಮುಗಿದು, ಅದನ್ನು ಮಾಡುವ ಕೈಗಳಿಗೂ ಎಸೆದ ಮೇಲೆ ಸೇರುವ ನೆಲಕ್ಕೂ ಏನಾಗುವುದೆಂಬ ಪ್ರಶ್ನೆಯು ಮುಂದೆ ಬಂದಿತು.

ನಿರ್ವಾತದ ಪಾತ್ರೆ

ಎಣ್ಣೆಯೂ ಗಾಳಿಯೂ ಇಲ್ಲದ ಬರಿದಾದ ಪಾತ್ರೆಯಲ್ಲಿ ಮುಖಗಳನ್ನು ಅಗಲಿಸಿದರೆ ಜ್ವಾಲೆಗೆ ಆಧಾರವೇ ಇಲ್ಲದಂತಾಗುವುದಲ್ಲವೇ? ೧೯೨೬ರಲ್ಲಿ ಕ್ಯಾಲಿಫೋರ್ನಿಯದ ಸೊರೆನ್‌ಸೆನ್ ಮತ್ತು ಮೆಂಡೆನ್‌ಹಾಲ್ ಎಂಬ ವಿದ್ವಾಂಸರು ನಿರ್ವಾತದಲ್ಲಿ ಪ್ರವಾಹವನ್ನು ಕಡಿದು ತೋರಿಸಿದರು. ಆದರೆ ಪಾತ್ರೆಯನ್ನು ವರ್ಷಗಟ್ಟಲೆ ಬರಿದಾಗಿಡುವ ಕೌಶಲವೂ ಅನಿಲವನ್ನು ಒಳಗಿರಿಸಿಕೊಳ್ಳದ ಶುದ್ಧಲೋಹಗಳೂ ಆಗ ಇಲ್ಲದುದರಿಂದ ಆ ವಿದ್ಯೆಯು ಮೂರು ದಶಕಗಳಿಗೂ ಹೆಚ್ಚು ಕಾಲ ಮಲಗಿದ್ದಿತು.

ನಿರ್ವಾತದಲ್ಲಿ ಚಾಪವು ಮುಖಗಳದೇ ಲೋಹದ ಆವಿಯನ್ನುಂಡು ಬದುಕುವುದು. ಆದುದರಿಂದ ಇಲ್ಲಿ ಲೋಹದ ಆಯ್ಕೆಯೇ ಸರ್ವಸ್ವವು. ಶುದ್ಧ ತಾಮ್ರವು ಬೆಸೆದುಕೊಳ್ಳುವುದು. ಟಂಗ್‌ಸ್ಟನ್ನು ಕಾಯ್ದು ಕೆಂಪಾಗಿ, ಪ್ರವಾಹವು ನಿಂತ ಮೇಲೂ ಹೊಸ ಚಾಪಕ್ಕೆ ಎಡೆಗೊಡುವುದು. ತಾಮ್ರಕ್ಕೆ ಅತ್ಯಲ್ಪ ಬಿಸ್ಮತ್ತನ್ನು ಸೇರಿಸಿ, ಬೆಸುಗೆಯಾದರೂ ಸುಲಭವಾಗಿ ಮುರಿಯುವಂತೆ ಮಾಡಿದರು. ಕೊನೆಗೆ ೧೯೬೦-೭೦ರ ದಶಕಗಳಲ್ಲಿ ತಾಮ್ರ-ಕ್ರೋಮಿಯಮ್ಮಿನ ಜೋಡಿಯು ಗೆದ್ದು ನಿಂತಿತು. ಕ್ರೋಮಿಯಂ ಕರಗುವುದು ೧೯೦೭ ಅಂಶಕ್ಕೆ. ತಾಮ್ರದೊಡನೆ ಅದು ಅತ್ಯಲ್ಪವಾಗಿ ಮಾತ್ರ ಬೆರೆಯುವುದು. ಅಷ್ಟೇ ಅಲ್ಲದೆ ಪಾತ್ರೆಯೊಳಗೆ ಹುಟ್ಟುವ ಅಲ್ಪಸ್ವಲ್ಪ ಅನಿಲವನ್ನು ತಾನೇ ನುಂಗಿ ನಿರ್ವಾತವನ್ನು ಕಾಯುವುದು. ಇಂದು ಹಳ್ಳಿಗಳಿಗೆ ೧೧,೦೦೦ ವೋಲ್ಟಿನ ವಾಹಿನಿಗಳನ್ನು ಕಳುಹುವ ಉಪಕೇಂದ್ರಗಳಲ್ಲಿ ಹೆಚ್ಚಾಗಿ ಕಾಣುವುದು ಈ ನಿರ್ವಾತದ ಬ್ರೇಕರೇ.

ಕರ್ನಾಟಕದಲ್ಲಿ

ಈ ವಿದ್ಯೆಯು ಕನ್ನಡ ನಾಡಿಗೆ ಬಂದುದು ಕೊಂಡುತಂದ ಯಂತ್ರಗಳ ಒಳಗೆ ಅಡಗಿಕೊಂಡು. ಯಂತ್ರಗಳನ್ನು ಇಲ್ಲಿಯೇ ಮಾಡಬೇಕೆಂಬ ಹಂಬಲವು ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ೧೮೬೯ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರಿಂದ ಬೆಳೆಯಿತು. ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯಿಂದ ತೊಡಗಿ, ಕಬ್ಬಿಣದ ನೇಗಿಲುಗಳನ್ನು ಮಾಡಿ ಮಾರಿದ ಆ ಮನೆತನದ ಉದ್ಯಮವು ೧೯೪೬ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪನಿಯಾಗಿ ವಿದ್ಯುದ್ಯಂತ್ರಗಳಿಗೆ ಕೈಹಾಕಿತು. ೧೯೫೬ರಲ್ಲಿ ಬೆಂಗಳೂರಿನಲ್ಲಿ ಸರಕಾರದ ಹೊಸ ವಿದ್ಯುತ್ ಕಾರ್ಖಾನೆಯು ಸ್ಥಾಪಿತವಾಗಿ, ಜರ್ಮನಿಯ ಎಇಜಿ ಸಂಸ್ಥೆಯ ಸಹಕಾರದಿಂದ ಮೋಟಾರು, ಟ್ರಾನ್ಸ್‌ಫಾರ್ಮರುಗಳೊಡನೆ ಸ್ವಿಚ್ಚುಗಳನ್ನೂ ಮಾಡಿತು. 'ಎನ್‌ಜಿಇಎಫ್' ಎಂಬ ಅದರ ಮುದ್ರೆಯು ಒಂದು ಕಾಲದಲ್ಲಿ ಹೊಲಹೊಲದಲ್ಲಿಯೂ ಪರಿಚಿತವಾಗಿದ್ದಿತು. ಆದರೆ ೨೦೦೨ರಲ್ಲಿ ಆ ಕಾರ್ಖಾನೆಯು ಮುಚ್ಚಿತು. ೧೯೬೦ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕೇಂದ್ರೀಯ ವಿದ್ಯುತ್ ಸಂಶೋಧನ ಸಂಸ್ಥೆಯು ಬ್ರೇಕರುಗಳನ್ನು ಕೃತ್ರಿಮವಾಗಿ ಶಾರ್ಟ್ ಸರ್ಕ್ಯೂಟಿಗೆ ಒಡ್ಡಿ ಪರೀಕ್ಷಿಸುವ ಏರ್ಪಾಡನ್ನು ದೇಶದೊಳಗೇ ಒದಗಿಸಿತು. ೧೯೫೪ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ನಿರ್ವಾತದ ಪಾತ್ರೆಗಳನ್ನು ತಯಾರಿಸುವ ವಿದ್ಯೆಯನ್ನು ಕೈವಶ ಮಾಡಿಕೊಂಡಿತು.

ನೆಲದೊಳಗಿನ ಸಂಪತ್ತನ್ನು ನೋಡಿದರೆ ಈ ನಾಡು ಬಡವಾಗಿಲ್ಲ. ಚಿತ್ರದುರ್ಗದ ಬಳಿಯ ಇಂಗಳದಾಳಿನಲ್ಲಿ ತಾಮ್ರದ ಅದಿರು ದೊರೆಯಿತು. ಹಾಸನ ಜಿಲ್ಲೆಯ ಬೈರಾಪುರದಲ್ಲಿ ಕ್ರೋಮಿಯಮ್ಮಿನ ಅದಿರಿದೆ. ಇನ್ನೂ ಸೋಜಿಗದ ಸಂಗತಿಯು ಕೋಲಾರದ್ದು. ಚಿನ್ನವನ್ನು ತೆಗೆದು ಎಸೆದ ಪುಡಿಯಿಂದ ಅಲ್ಲಿ ಬೆಟ್ಟಗಳಂತೆ ಬೆಳೆದ ದಿಬ್ಬಗಳಲ್ಲಿ ಷೀಲೈಟ್ ಎಂಬ ಟಂಗ್‌ಸ್ಟನ್ನಿನ ಖನಿಜವು ಅಲ್ಪಪ್ರಮಾಣದಲ್ಲಿ ಸೇರಿಕೊಂಡಿರುವುದು. ೧೯೦೨ರಲ್ಲಿ ಶಿವನಸಮುದ್ರದ ಶಕ್ತಿಯು ಚಿನ್ನವನ್ನರಸಿ ಹೋದುದು ಆ ಗಣಿಗಳಿಗೇ. ಆ ಶಕ್ತಿಯನ್ನು ಅಂಕೆಯಲ್ಲಿಡತಕ್ಕ ಲೋಹವು ಅದೇ ಗಣಿಗಳ ಕಸದಲ್ಲಿ ಬಿದ್ದಿದ್ದಿತು. ೨೦೦೧ರಲ್ಲಿ ಗಣಿಗಳು ಮುಚ್ಚಿದವು, ದಿಬ್ಬಗಳು ಉಳಿದವು. ಅದಿರಿದ್ದ ಮಾತ್ರಕ್ಕೆ ವಸ್ತುವು ಆಗುವುದಿಲ್ಲ. ಪುಡಿಯ ಶುದ್ಧಿ, ಕಣದ ಗಾತ್ರ, ಕಾಯಿಸುವ ಹದ ಇವುಗಳನ್ನು ಬಲ್ಲ ಕೈಯೇ ನಿಜವಾದ ಗಣಿಯೆಂಬುದನ್ನು ಇದು ತೋರಿಸುವುದು.

ಹೊಲದ ಪೆಟ್ಟಿಗೆ

ಈಗ ತುಳಸಿಗೇರಿಯ ಸೀಮೆಯ ಸ್ಟಾರ್ಟರಿನ ವಿಷಯವನ್ನು ಮತ್ತೆ ಎತ್ತಿಕೊಳ್ಳಬಹುದು. ೧೯೫೬ರ ವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ಭಾಗಕ್ಕೆ, ೧೯೫೭ರಲ್ಲಿ ಮೈಸೂರು ರಾಜ್ಯದ ವಿದ್ಯುಚ್ಛಕ್ತಿ ಮಂಡಲಿಯು ಹುಟ್ಟಿ, ಶರಾವತಿಯ ವಿದ್ಯುದಾಗಾರವು ೧೯೬೪-೬೫ರಲ್ಲಿ ನಡೆಯತೊಡಗಿದ ತರುವಾಯ ಶಕ್ತಿಯ ವಿಸ್ತಾರವುಂಟಾಯಿತು. ಈ ಶತಮಾನದ ಮೊದಲ ದಶಕದಲ್ಲಿ ಕೃಷ್ಣೆಯ ಆಲಮಟ್ಟಿ ಅಣೆಕಟ್ಟಿನ ಬುಡದಲ್ಲಿಯೇ ೨೯೦ ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರವು ಎದ್ದಿತು. ಅದೇ ಅಣೆಕಟ್ಟಿನ ಹಿನ್ನೀರು ಹಳೆಯ ಬಾಗಲಕೋಟೆಯ ಬೀದಿಗಳನ್ನೂ ಅನೇಕ ಹಳ್ಳಿಗಳ ಹೊಲಗಳನ್ನೂ ನುಂಗಿತು. ಜನರು ತಲೆಮಾರುಗಳಿಂದ ಬಾಳಿದ ಮನೆಗಳನ್ನು ಬಿಟ್ಟು ನವನಗರಕ್ಕೂ ಪುನರ್ವಸತಿಯ ಊರುಗಳಿಗೂ ಹೋಗಬೇಕಾಯಿತು. ಇಷ್ಟು ಬೆಲೆ ತೆತ್ತು ಪಡೆದ ಶಕ್ತಿಯು ಉಗುರಿನಷ್ಟು ಲೋಹದ ದೋಷದಿಂದ ಹೊಲದ ಬಾಗಿಲಲ್ಲಿ ಕೆಟ್ಟುಹೋಗುವುದು ಸಣ್ಣ ನಷ್ಟವಲ್ಲ.

ಕೆಡುವ ಬಗೆಗಳು ಮುಖ್ಯವಾಗಿ ಎರಡು. ಮೋಟಾರು ಹೊರಡುವ ಕ್ಷಣದಲ್ಲಿ ನಿತ್ಯದ ಐದಾರು ಪಟ್ಟು ಪ್ರವಾಹವನ್ನು ಎಳೆಯುವುದು. ವಾಹಿನಿಯ ತುದಿಯ ಹೊಲಗಳಲ್ಲಿ ವೋಲ್ಟೇಜು ಕುಸಿದಾಗ ಸ್ಟಾರ್ಟರಿನ ಸುರುಳಿಗೆ ಮುಖಗಳನ್ನು ಗಟ್ಟಿಯಾಗಿ ಹಿಡಿಯುವ ಬಲ ಸಾಲದೆ, ಅವು ಗರಗರನೆ ಕೂಡುತ್ತ ಬಿಡುತ್ತ ಇರುವುವು. ಒಂದೊಂದು ಬಿಡುಗಡೆಗೂ ಒಂದೊಂದು ಚಾಪ. ದಿನದ ಸವೆತವು ಕ್ಷಣದಲ್ಲಿ ಆಗಿಬಿಡುವುದು. ಆಗ ಮೂರರಲ್ಲಿ ಒಂದು ಮುಖವು ಸುಟ್ಟು ಪ್ರವಾಹವನ್ನು ಬಿಡದಿದ್ದರೆ, ಮೋಟಾರು ಉಳಿದ ಎರಡು ಫೇಜುಗಳ ಮೇಲೆಯೇ ಏದುತ್ತ ನಡೆದು ಅದರ ಸುತ್ತು ಸುಡುವುದು. ಇಲ್ಲವೇ ಮುಖಗಳು ಬೆಸೆದುಕೊಂಡರೆ, ಕೆಂಪು ಗುಂಡಿಯನ್ನು ಒತ್ತಿದರೂ ಮೋಟಾರು ನಿಲ್ಲದೆ, ರಕ್ಷಣೆಯ ಏರ್ಪಾಡೆಲ್ಲವೂ ಇದ್ದೂ ಇಲ್ಲದಂತಾಗುವುದು.

ಇದಕ್ಕೆ ಹಳ್ಳಿಗಳಲ್ಲಿ ನಡೆಯುವ ಉಪಾಯಗಳು ಕೆಲವು ರೋಗಕ್ಕಿಂತ ಕೆಟ್ಟವು. ಕಪ್ಪಾದ ಮುಖವನ್ನು ಉಪ್ಪುಕಾಗದದಿಂದಲೋ ಅರದಿಂದಲೋ ತಿಕ್ಕಿ ಬೆಳ್ಳಗೆ ಮಾಡುವುದು ಸಾಮಾನ್ಯ ವಾಡಿಕೆ. ತಾಮ್ರದ ಯುಗದಲ್ಲಿ ಈ ವಾಡಿಕೆಗೆ ಅರ್ಥವಿದ್ದಿತು, ಏಕೆಂದರೆ ತಾಮ್ರದ ಕಿಲುಬು ಪ್ರವಾಹವನ್ನು ತಡೆಯುವುದು. ಬೆಳ್ಳಿಯ ಜೋಡುಲೋಹದಲ್ಲಿ ಮೇಲಿನ ಕಪ್ಪು ಬಣ್ಣವು ಪ್ರಾಯಶಃ ಹಾನಿಕರವಲ್ಲ. ತಿಕ್ಕಿದಷ್ಟೂ ಹೋಗುವುದು ಕೊಳೆಯಲ್ಲ, ಹಣಕೊಟ್ಟು ಕೊಂಡ ಬೆಳ್ಳಿ. ಮುಖವು ತೆಳುವಾಗಿ ಸವೆದಿದ್ದರೆ ಜೊತೆಗಳನ್ನೆಲ್ಲ ಒಮ್ಮೆಗೇ ಬದಲಿಸುವುದೇ ಸರಿಯಾದ ಮಾರ್ಗವು. ಸುರುಳಿಯು ಹಿಡಿಯದಿದ್ದಾಗ ಕಡ್ಡಿ ಸಿಕ್ಕಿಸಿ ಮುಖಗಳನ್ನು ಒತ್ತಿಹಿಡಿಯುವ ಇನ್ನೊಂದು ವಾಡಿಕೆಯಂತೂ ಮೋಟಾರಿಗಷ್ಟೇ ಅಲ್ಲ, ಮನುಷ್ಯನ ಪ್ರಾಣಕ್ಕೂ ಅಪಾಯಕರವು. ಅತಿಭಾರವಾದಾಗ ಬಿಡಿಸಬೇಕಾದ ಕೈಯನ್ನು ಅದು ಕಟ್ಟಿಹಾಕಿದಂತೆ. ಅಗ್ಗವೆಂದು ಕೊಳ್ಳುವ ಬದಲಿ ಪಾಯಿಂಟುಗಳಲ್ಲಿ ಬೆಳ್ಳಿಯು ಹೆಸರಿಗೆ ಮಾತ್ರ ಲೇಪವಾಗಿದ್ದು ಒಳಗೆ ಬರಿಯ ತಾಮ್ರವಿದ್ದರೆ, ಕೆಲವು ತಿಂಗಳಲ್ಲಿಯೇ ೧೯೦೨ರ ಕಷ್ಟಗಳೆಲ್ಲವೂ ಹೊಲದಲ್ಲಿ ಮರುಕಳಿಸುವುವು.

ಉಪಸಂಹಾರ

ಶಿವನಸಮುದ್ರದಿಂದ ಆಲಮಟ್ಟಿಯ ವರೆಗಿನ ನೂರು ವರ್ಷಗಳ ಇತಿಹಾಸವನ್ನು ಶಕ್ತಿಯ ಉತ್ಪತ್ತಿಯ ಇತಿಹಾಸವೆಂದು ಓದುವುದು ವಾಡಿಕೆ. ಅದನ್ನೇ ಶಕ್ತಿಯ ನಿಯಮನದ ಇತಿಹಾಸವೆಂದು ಓದಿದರೆ ಬೇರೊಂದು ಪಾಠವು ಹೊರಡುವುದು. ಎಲ್ಲ ಗುಣಗಳುಳ್ಳ ಲೋಹವು ಎಲ್ಲಿಯೂ ಸಿಕ್ಕಲಿಲ್ಲ. ಸಿಕ್ಕುವುದೆಂದು ಕಾದವರು ಮುಂದೆ ಹೋಗಲಿಲ್ಲ. ಒಂದೊಂದೇ ಗುಣವುಳ್ಳ, ಒಂದರೊಡನೊಂದು ಬೆರೆಯಲೊಲ್ಲದ ಲೋಹಗಳನ್ನು ಅವುಗಳ ಸ್ವಭಾವವು ಕೆಡದಂತೆ ಜೋಡಿಸಿದವರು ಕಾರ್ಯವನ್ನು ಸಾಧಿಸಿದರು. ಆ ಸಾಧನೆಯ ಫಲವು ಇಂದು ಬಡವನ ಹೊಲದ ಗೋಡೆಯ ಮೇಲೆಯೂ ತೂಗುತ್ತಿರುವುದು. ಅದರ ಬೆಲೆಯನ್ನರಿತು ನಡೆಸಿಕೊಳ್ಳುವುದು ಕೊಂಡವನ ಕೈಯಲ್ಲಿದೆ. ಆ ಅರಿವನ್ನು ಕನ್ನಡದಲ್ಲಿ ಅವನಿಗೆ ಮುಟ್ಟಿಸುವುದು ಓದುಬಲ್ಲವರ ಕರ್ತವ್ಯವಾಗಿದೆ.